ಅಕ್ಕನ ಹೆಸರಿನಲ್ಲಿ ಕೊಂಡ ಸ್ಕೂಟರು

ಬ್ಯಾಂಕಿನ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು ಎಂದು ಮೊದಲ ಸಲ ಬರೆದಿದ್ದೆ. ತಿರುಗಿಸಲಿಲ್ಲ. ಒಂದು ಸಂಖ್ಯೆಯನ್ನು ಬಾಯಲ್ಲಿ ಹೇಳಿದರು, ಅಷ್ಟೆ. ಆರುನೂರ ನಾಲ್ಕು. ಪರದೆ ತಿರುಗಿದ್ದರೆ ಅಕ್ಕನಿಗೆ ಆವತ್ತೇ ಎಲ್ಲ ಗೊತ್ತಾಗುತ್ತಿತ್ತು. ಆಮೇಲೆ ನಾನು ಆಡಿದ ಮಾತುಗಳನ್ನು ಆಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅದಕ್ಕೇ ನನ್ನ ನೆನಪು ಪರದೆಯನ್ನು ತಿರುಗಿಸಿಕೊಂಡಿರಬೇಕು.

"ಇಷ್ಟು ಕ್ರೆಡಿಟ್ ಸ್ಕೋರಿಗೆ ಮನೆ ಸಾಲ ಆಗಲ್ಲಮ್ಮ," ಎಂದರು. "ಏಳುನೂರರ ಮೇಲಾದ್ರೂ ಇರ್ಬೇಕು."

"ಎಷ್ಟಕ್ಕೆ ಸಾರ್ ಆರ್ನೂರು? ಸಾವಿರಕ್ಕಾ?"

"ಒಂಬೈನೂರಕ್ಕೆ."

"ಹಂಗಾರೆ ಪಾಸೇ ಅಲ್ವಾ ಸಾರ್?"

ಅಧಿಕಾರಿ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅವಳು ತಮಾಷೆಗೆ ಕೇಳಿರಲಿಲ್ಲ.

ಅವಳಿಗೆ ಬೇಕಾಗಿದ್ದು ಹೊಸ ಮನೆಯಲ್ಲ. ಕೊರಟಗೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹದಿನಾರು ವರ್ಷದಿಂದ ಬಾಡಿಗೆಗಿದ್ದ ಮನೆಯೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ. ಸಂಸಾರ ಎಂದರೆ ಅವಳೊಬ್ಬಳೇ. ಗಂಡನ ಮನೆ ಬಿಟ್ಟು ಬಂದಾಗ ತಂದಿದ್ದ ಮಿಷನ್ನನ್ನು ಬೆಳಕು ಬೀಳುವ ಕಡೆ ಹಾಕಿಕೊಂಡು, ಆ ಜಾಗದಿಂದ ಅದನ್ನು ಒಂದು ಸಲವೂ ಕದಲಿಸದೆ ರವಿಕೆ ಹೊಲಿದವಳು. ಮನೆಯ ಯಜಮಾನರು ಮಂಡಿ ವ್ಯಾಪಾರ ಮಾಡುತ್ತಿದ್ದ ಮನೆತನದವರು, ಸ್ನಾನವಾಗಿ ವಿಭೂತಿ ಇಡದೆ ಬಾಗಿಲಿಗೆ ಬರುವವರಲ್ಲ. ಮನೆ ಮಾರುವುದೆಂದು ತೀರ್ಮಾನವಾದಾಗ ಮೊದಲು ಅವಳಿಗೇ ಹೇಳಿಕಳಿಸಿದರು.

"ಬೇರೇರು ಬಂದು ಕೇಳವ್ರೆ ತಾಯಿ. ನೀನು ತಗಳಂಗಿದ್ರೆ ಯುಗಾದಿವರ್ಗೂ ಕಾಯ್ತೀನಿ. ಆಮೇಲೆ ನನ್ನ ಬೈಬ್ಯಾಡ."

ಅರ್ಧದಷ್ಟು ಹಣ ಅವಳ ಹತ್ತಿರ ಅಂಚೆ ಕಚೇರಿಯ ಡಿಪಾಸಿಟ್ಟಿನಲ್ಲಿತ್ತು. ಉಳಿದರ್ಧಕ್ಕೆ ಬ್ಯಾಂಕು. ಯುಗಾದಿಗೆ ಹತ್ತು ವಾರವಿತ್ತು.

ಅಧಿಕಾರಿ ಇನ್ನೊಂದು ಮಾತು ಹೇಳಿದ್ದರು: "ನಿಮ್ಮ ಹೆಸರಲ್ಲಿ ಯಾವುದೋ ಕಂತು ಸರಿಯಾಗಿ ಕಟ್ಟಿಲ್ಲ. ಪತ್ತೆ ಮಾಡಿ." ಅವಳ ಹೆಸರಿನಲ್ಲಿದ್ದ ಕಂತುಗಳು ಎರಡು. ಒಂದು ಪಾವಗಡದ ಚಿಕ್ಕಪ್ಪನ ಫ್ರಿಜ್ಜು. ಇನ್ನೊಂದು ನನ್ನ ಸ್ಕೂಟರು. ಎರಡರಲ್ಲಿ ಒಂದೂ ಅವಳದಲ್ಲ.

ಇದು ಹೇಗಾಯಿತು ಎಂದರೆ, ಅಕ್ಕನ ಕೈಗುಣ. ಶುಕ್ರವಾರ ಹುಟ್ಟಿದವಳು, ಅವಳು ಮುಟ್ಟಿಕೊಟ್ಟದ್ದು ಏಳಿಗೆಯಾಗುತ್ತದೆ ಎಂದು ನಮ್ಮ ಮನೆಯಲ್ಲಿ ನಂಬಿಕೆ. ಅಪ್ಪ ಸೈಕಲ್ಲು ಕೊಂಡಾಗ ಮೊದಲ ನೋಟು ಅವಳ ಕೈಯಿಂದಲೇ ಕೊಡಿಸಿದ್ದರು. ಹಸು ತಂದಾಗಲೂ ಹಗ್ಗ ಅವಳ ಕೈಗೇ. ಕಾಲ ಬದಲಾಗಿ ನೋಟು ಎಣಿಸಿ ಕೊಳ್ಳುವುದು ಹೋಗಿ ಕಂತು ಬಂದಾಗ, ನಾವು ಅವಳ ಕೈಯ ಬದಲು ಹೆಸರನ್ನು ಕೇಳತೊಡಗಿದೆವು. ಎಲೆ ಅಡಿಕೆ ಬಾಳೆಹಣ್ಣು ತಂದು, "ನಿನ್ನೆಸ್ರಲ್ಲೇ ಇರ್ಲಿ ಕಣಮ್ಮ" ಎನ್ನುವುದು. ಅವಳು ಕೈ ತೊಳೆದು ಬಂದು, ಪೂರ್ವಕ್ಕೆ ಕೂತು, ತೋರಿಸಿದಲ್ಲೆಲ್ಲ ಸಹಿ ಹಾಕುವುದು.

ನಾನು ಸ್ಕೂಟರನ್ನು ಅವಳ ಹೆಸರಿನಲ್ಲಿ ತೆಗೆದುಕೊಂಡಿದ್ದು ಕೈಗುಣದ ಕಾರಣಕ್ಕೆ. ಈ ವಾಕ್ಯವನ್ನು ನಾನು ಹಲವರಿಗೆ ಹೇಳಿದ್ದೇನೆ. ಇನ್ನೊಂದು ವಾಕ್ಯವೂ ಇದೆ: ನಾನು ಮಧುಗಿರಿಯ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ ಕಂಪೋಸ್ ಮಾಡುವವನು, ಸಂಬಳ ನಗದಾಗಿ ಕೈಗೆ ಬರುತ್ತದೆ, ತೋರಿಸಲು ಕಾಗದವಿಲ್ಲ; ಅಕ್ಕನಿಗೆ ತುಂಬಿದ ಪಾಸ್‌ಬುಕ್ ಇತ್ತು. ಮೂರನೆಯದೂ ಇದೆ. ಅವಳ ಹೆಸರಿನಲ್ಲಿದ್ದರೆ ಕಟ್ಟುವ ಚಿಂತೆ ಅವಳದಾಗುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಬ್ಯಾಂಕಿನಿಂದ ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಾಗ, "ಚಿಕ್ಕಪ್ಪಂದೇ ಇರ್ಬೇಕು," ಎಂದೆ. ಬೇಗ ಅಂದೆ. ಅಕ್ಕ ಇನ್ನೂ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

ಚಿಕ್ಕಪ್ಪನ ಮೇಲೆ ಅನುಮಾನ ಪಡುವುದು ಕಷ್ಟವಿರಲಿಲ್ಲ. ಪಾವಗಡಕ್ಕೆ ಮನೆಯಳಿಯನಾಗಿ ಹೋಗಿ ಕೋಟೆ ಬೆಟ್ಟದ ಕೆಳಗೆ ಸೋಡಾ ಅಂಗಡಿ ಇಟ್ಟವನು. ನಮ್ಮ ಮನೆಯಿಂದ ಒಯ್ದ ಏಣಿಯನ್ನೇ ಇನ್ನೂ ವಾಪಸ್ಸು ತಂದಿಲ್ಲ. ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ವಿಷಯ ಕೇಳಿ ಚಿಕ್ಕಪ್ಪ ಸೋಡಾ ಬಾಟಲಿಯನ್ನು ಹಲಗೆಯ ಮೇಲೆ ಕುಕ್ಕಿದ.

"ಏಮ್ಮಾ, ತಮ್ಮನ ಕಟ್ಕೊಂಡು ನಂತಾವ ಪಂಚಾಯ್ತಿಗೆ ಬಂದ್ಬುಟ್ಯಾ?"

"ಪಂಚಾಯ್ತಿ ಅಲ್ಲ ಚಿಕ್ಕಪ್ಪ. ಕೇಳನಾ ಅಂತ."

"ಚೂಡು, ಚೂಡಮ್ಮಾ, ನೋಡಿಲ್ಲಿ!" ಫ್ರಿಜ್ಜಿನ ಬಾಗಿಲು ತೆಗೆದು ನಿಂಬೆಹಣ್ಣಿನ ಪಕ್ಕದಿಂದ ಒಂದು ಪ್ಲಾಸ್ಟಿಕ್ ಕವರು ಎಳೆದ. ಅದರೊಳಗೆ ತಣ್ಣಗಿನ ರಸೀದಿಗಳು, ಹೂವಿನ ದಾರದಲ್ಲಿ ಕಟ್ಟಿದ್ದವು. "ಹತ್ತು ತಿಂಗ್ಳು, ಹತ್ತು ಕಂತು. ಕೊನೇದ್ರಲ್ಲಿ ಬಾಕಿ ಏನೂ ಇಲ್ಲ ಅಂತ ಸೀಲ್ ಹಾಕ್ಸ್ಕೊಂಡಿವ್ನಿ. ಎಲ್ಲೆಲ್ಲೋ ತಪ್ಪಿಸ್ಕೊಂಡಿರೋನೇ ನಾನು. ಆದ್ರೆ ನಿನ್ನೆಸ್ರು ಅಂತ ಬಂದಾಗ ತಪ್ತೀನೇನಮ್ಮಾ? ಏಣಿ ಬೇರೆ, ಹೆಸ್ರು ಬೇರೆ!"

ಅಕ್ಕ ರಸೀದಿಗಳನ್ನು ಓದಲಿಲ್ಲ. ಕವರನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟು, ಸೆರಗಿನಿಂದ ಕೈಯ ತೇವ ಒರೆಸಿಕೊಂಡಳು. ಬರುವಾಗ ಚಿಕ್ಕಪ್ಪ ನನ್ನ ಕಡೆ ನೋಡಿ ಕೇಳಿದ: "ನಿಂದೇನೋ ಸ್ಕೂಟ್ರು? ಸೀಲ್ ಹಾಕ್ಸಿದ್ಯಾ?"

ಹಾಕಿಸಿರಲಿಲ್ಲ. ಇಪ್ಪತ್ತನಾಲ್ಕನೇ ಕಂತು ಕಟ್ಟಿದ ದಿನ ಸ್ಕೂಟರಿಗೆ ಹೂ ಮುಡಿಸಿದ್ದೆ, ಅಷ್ಟೆ. ಅದಾಗಿ ಎಂಟು ತಿಂಗಳಾಗಿತ್ತು.

ಸೋಮವಾರ ಅಕ್ಕ ಮಧುಗಿರಿಗೆ ನಮ್ಮ ಪ್ರೆಸ್ಸಿಗೇ ಬಂದಳು. ಸ್ಕೋರಿನ ಪೂರ್ತಿ ವರದಿಯನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದೆಂದು ಅಧಿಕಾರಿ ಹೇಳಿದ್ದರು. ಅವಳ ಹೆಸರು, ಹುಟ್ಟಿದ ದಿನ, ಪ್ಯಾನ್ ಕಾರ್ಡಿನ ನಂಬರು ಹೊಡೆದೆ. ಓಟಿಪಿ ಕಳಿಸಲಾಗಿದೆ ಎಂದಿತು. ಅಕ್ಕ ಚೀಲದಿಂದ ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟು ಕಾದಳು. ನನ್ನ ಜೇಬಿನಲ್ಲಿ ಗುರ್ ಎಂದಿತು.

"ನಿನ್ ಫೋನಿಗ್ಯಾಕ್ ಬಂತ್ಲಾ?"

"ಸ್ಕೂಟರ್ ಫಾರಂ ತುಂಬ್ದೋನು ನಾನಲ್ವಾ. ನಂದೇ ನಂಬರ್ ಬರ್ದಿರ್ತೀನಿ."

"ಮೆಸೇಜೆಲ್ಲಾ ನಿಂಗೇ ಬತ್ತಿದ್ವಾ ಹಂಗಾರೆ?"

"ಯಾವ ಮೆಸೇಜು?" ಎಂದೆ. ಪ್ರಿಂಟರು ಶುರುವಾಗಿತ್ತು, ಸದ್ದಿತ್ತು. ಅವಳು ಮತ್ತೆ ಕೇಳಲಿಲ್ಲ.

ಹನ್ನೊಂದು ಹಾಳೆಗಳು. ಪ್ರತಿ ಸಾಲಕ್ಕೂ ಒಂದು ಪಟ್ಟಿ, ಪ್ರತಿ ತಿಂಗಳಿಗೂ ಒಂದು ಚೌಕ, ಚೌಕದಲ್ಲಿ ಎಷ್ಟು ದಿನ ತಡವಾಗಿದೆ ಎಂಬ ಸಂಖ್ಯೆ. ಚಿಕ್ಕಪ್ಪನ ಫ್ರಿಜ್ಜಿನಲ್ಲಿ ಬರೀ ಸೊನ್ನೆಗಳು. ಸ್ಕೂಟರಿನಲ್ಲಿ ಎರಡು ಚೌಕ ಸೊನ್ನೆ. ಮೂರನೆಯದರಿಂದ ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೈದು. ಕೊನೆಕೊನೆಗೆ ಐವತ್ತರ ಮೇಲೆ. ಸಾಲ ಮುಗಿಯಿತೆಂದು ನಾನು ಹೂ ಮುಡಿಸಿದ ಮೇಲಿನ ತಿಂಗಳುಗಳಲ್ಲಿ ಎಂಬತ್ತಾರು, ನೂರ ಹದಿನೇಳು, ಇನ್ನೂ ಮೇಲಕ್ಕೆ. ನನ್ನ ಕೆಲಸ ಪ್ರೂಫ್ ನೋಡುವುದೂ ಹೌದು. ಎಲ್ಲಿ ತಪ್ಪಿದೆಯೋ ಅಲ್ಲಿ ಪೆನ್ಸಿಲ್ ತಾನಾಗಿ ಹೋಗುತ್ತದೆ. ಈ ಹಾಳೆಯಲ್ಲಿ ಅದಕ್ಕೆ ಮಾಡುವುದೇನೂ ಇರಲಿಲ್ಲ. ಇದು ಆಗಲೇ ಅಚ್ಚಾಗಿತ್ತು.

"ನಾನು ಒಂದು ತಿಂಗ್ಳೂ ಬಿಟ್ಟಿಲ್ವಲ್ಲಾ," ಎಂದಳು ಅಕ್ಕ. "ನೀನು ಮೂರ್ನೇ ತಾರೀಕು ಕೊಡ್ತಿದ್ದೆ. ನಾಕಕ್ಕೆ ಬ್ಯಾಂಕಿಗೆ ಹಾಕ್ತಿದ್ದೆ. ಐದಕ್ಕೆ ಅವ್ರು ಎಳ್ಕತಿದ್ರು."

ಮೂರನೇ ತಾರೀಕಿಗೆ ಕೊಡುತ್ತಿದ್ದೆ ಎಂದು ಅವಳೇ ಹೇಳಿದ್ದರಿಂದ ಅದನ್ನು ಹಾಗೇ ಬಿಡುತ್ತೇನೆ.

ಆ ವಾರವೇ ಇನ್ನೊಂದು ಕೆಲಸ ಮಾಡಿದೆ. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಎನ್ನುವ ಆ್ಯಪುಗಳಿದ್ದವು. ಅವಳ ಹೆಸರಿನಲ್ಲಿ ನಾಲ್ಕು ಕಡೆ ಅರ್ಜಿ ಹಾಕಿದೆ. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡೆ. ನಾಲ್ಕೂ ಕಡೆ ಇಲ್ಲವೆಂದರು. ಯಾರಾದರೂ ಸಾಲ ಕೊಡಲೆಂದು ಹೀಗೆ ಇಣುಕಿ ನೋಡಿದ್ದೂ ಆ ವರದಿಯಲ್ಲಿ ದಾಖಲಾಗುತ್ತದೆ, ಒಂದೇ ವಾರದಲ್ಲಿ ನಾಲ್ವರು ಇಣುಕಿದರೆ ಇವಳು ಹಣಕ್ಕೆ ಪರದಾಡುತ್ತಿದ್ದಾಳೆ ಎಂದು ಅರ್ಥವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಆರುನೂರ ನಾಲ್ಕು ಐನೂರ ಎಂಬತ್ತಮೂರಾಯಿತು.

ಸಾಲ ಕೊಟ್ಟ ಫೈನಾನ್ಸಿನ ಕಚೇರಿ ಶಿರಾದಲ್ಲಿತ್ತು. ಅಕ್ಕ ಎಲ್ಲ ರಸೀದಿಗಳನ್ನೂ ರವಿಕೆ ಬಟ್ಟೆಯಲ್ಲಿ ಗಂಟುಕಟ್ಟಿ ತಂದಿದ್ದಳು. ಕೌಂಟರಿನಲ್ಲಿದ್ದವನು ನಮ್ಮದೇ ವಯಸ್ಸಿನವನು, ಗಡ್ಡ ಬಿಟ್ಟಿದ್ದ, ಒಳ್ಳೆಯ ಮನುಷ್ಯ. ಒಂದೊಂದೇ ರಸೀದಿಯನ್ನು ಪರದೆಯ ಜೊತೆ ಹೊಂದಿಸಿ ನೋಡಿದ.

"ಕಂತು ಎಲ್ಲಾ ಕಟ್ಟೀರಿ ಅಕ್ಕಾ, ಹಿಸಾಬು ಬರೋಬರ್ ಐತೆ. ಆದ್ರೆ ಏಳು ಸಲ ಬೌನ್ಸ್ ಆಗೈತೆ. ಐದನೇ ತಾರೀಕು ಖಾತೆ ಖಾಲಿ. ಆರನೇ ತಾರೀಕು ನಮ್ಮೋರು ಬಂದು ನಗದು ಇಸ್ಕೊಂಡವ್ರೆ. ಯಾಕೆ ಅಂಗೆ?"

ಅಕ್ಕ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದಳು. "ಆ ಏಳು ತಿಂಗ್ಳಲ್ಲಿ ಐದ್ನೇ ತಾರೀಕು ಯಾವಾರ ಬಂದಿತ್ತು ನೋಡಪ್ಪಾ."

ಅವನು ಒತ್ತಿ ಒತ್ತಿ ನೋಡಿದ. ಮಂಗಳವಾರ. ಶುಕ್ರವಾರ. ಶುಕ್ರವಾರ. ಮಂಗಳವಾರ.

ನಮ್ಮಲ್ಲಿ ಆ ಎರಡು ವಾರ ಮನೆಯಿಂದ ದುಡ್ಡು ಹೊರಗೆ ಕೊಡುವುದಿಲ್ಲ. ಅಕ್ಕನಿಗೆ ಅದು ಇನ್ನೂ ಬಿಗಿ. ಶುಕ್ರವಾರ ಗೊರವನಹಳ್ಳಿ ದೇವಿಯ ಗುಡಿಯ ಕಡೆಗಿನ ಬಸ್ಸುಗಳು ತುಂಬುತ್ತವೆ, ಹೋಗುವ ಹೆಂಗಸರು ಹೊಲಿದ ರವಿಕೆ ಒಯ್ಯಲು ಅವಳ ಅಂಗಡಿಗೆ ಬರುತ್ತಾರೆ. ದುಡ್ಡು ಒಳಗೆ ಬರುವ ದಿನ ಅದು. ಆ ದಿನ ಕಂತಿನ ದುಡ್ಡು ಹೊರಗೆ ಹೋಗಬಾರದೆಂದು, ಏಳು ಸಲವೂ ನಾಲ್ಕನೇ ತಾರೀಕು ಬ್ಯಾಂಕಿಗೆ ಹಾಕದೆ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾಳೆ. ಮರುದಿನ ಫೈನಾನ್ಸಿನವನು ಬಂದಾಗ ಪೂರ್ತಿ ಎಣಿಸಿ ಕೊಟ್ಟಿದ್ದಾಳೆ. ರಸೀದಿ ಇಸಿದುಕೊಂಡಿದ್ದಾಳೆ. ನನ್ನ ಸ್ಕೂಟರಿಗೆ ಕೆಟ್ಟದಾಗದಿರಲೆಂದು.

"ಒಂದಿನ ತಡ ಆದ್ರೆ ಏನೂ ಇಲ್ಲ ಅಕ್ಕಾ," ಎಂದ ಅವನು. "ಬೌನ್ಸಿಗೆ ಐನೂರ ತೊಂಬತ್ತು ಚಾರ್ಜು. ನೀವು ಕೊಟ್ಟ ದುಡ್ಡಲ್ಲಿ ಮೊದ್ಲು ಅದು ಕಟ್ ಆಗುತ್ತೆ. ಕಂತು ಅಷ್ಟು ಕಮ್ಮಿ ಬೀಳುತ್ತೆ. ಮುಂದಿನ ತಿಂಗ್ಳು ಆ ಕಮ್ಮಿ ತುಂಬ್ಕೊಳ್ಳುತ್ತೆ, ಆ ಕಂತು ಕಮ್ಮಿ. ಹಂಗೇ ಉರುಳ್ಕೊಂಡು ಬಂದೈತೆ. ಈಗ ಲೇಟ್ ಚಾರ್ಜೂ ಸೇರಿ ಐದು ಸಾವಿರ ಚಿಲ್ಲರೆ."

"ಒಂದ್ ಮಾತು ಹೇಳ್ಬಾರ್ದಾ ನೀವು? ಬಂದೋನಿಗೆ ನೀರು ಮಜ್ಜಿಗೆ ಕೊಟ್ಟಿವ್ನಿ ನಾನು."

"ವಸೂಲಿಗೆ ಬರೋರಿಗೆ ಇದು ಗೊತ್ತಿರಲ್ಲ ಅಕ್ಕಾ. ಪ್ರತಿ ಸಲ ಮೆಸೇಜ್ ಹೋಗೈತೆ ನೋಡಿ." ಅವನು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಓದಿದ. ಅವು ನನ್ನವು.

ಅಕ್ಕ ರಸೀದಿಗಳನ್ನು ಮತ್ತೆ ಗಂಟು ಕಟ್ಟಿದಳು. ಐದು ಸಾವಿರ ಚಿಲ್ಲರೆ ಅವಳೇ ಕೊಟ್ಟಳು. ನಾನು ಜೇಬಿಗೆ ಕೈ ಹಾಕಿದೆ, ಬೇಡವೆಂದಳು. ಬಾಕಿ ಇಲ್ಲವೆಂಬ ಪತ್ರಕ್ಕೆ ಸೀಲು ಹಾಕಿಸಿ ಎರಡು ಸಲ ಓದಿಸಿ ಕೇಳಿದಳು.

ಮಧುಗಿರಿಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಆ ದಿನ ಬಿಸಿಲಿತ್ತೆಂದು ನೆನಪು ಹೇಳುತ್ತದೆ. ಬೇಸಿಗೆಯಾದ್ದರಿಂದ ಇರಲೇಬೇಕಿತ್ತು, ಅದಕ್ಕೆ ನೆನಪು ಬೇಕಿಲ್ಲ. ಬೆಟ್ಟ ಕಾಣಿಸತೊಡಗಿದ ಮೇಲೆ ಅವಳು ತಿರುಗದೆ ಕೇಳಿದಳು:

"ಓದಿದ್ಯೇನ್ಲಾ?"

"ಇಲ್ಲಕ್ಕ. ಆ್ಯಡು ಅಂದ್ಕೊಂಡಿದ್ದೆ."

ಅವಳು ತಲೆಯಾಡಿಸಿದಳು.

ಇಲ್ಲಿ ನಾನು ನಿಲ್ಲಿಸಿದರೆ ಇದು ಆ್ಯಡು ಅಂದುಕೊಂಡ ಒಬ್ಬ ಮರೆಗುಳಿಯ ಕತೆಯಾಗಿ ಉಳಿಯುತ್ತದೆ. ಹಲವು ದಿನ ಹಾಗೆಯೇ ಇಟ್ಟಿದ್ದೆ. ಆದರೆ ಒಂದು ಮೆಸೇಜು ನನಗೆ ಪೂರ್ತಿ ನೆನಪಿದೆ. ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ಗಂಟೆ ತಪ್ಪಾಗಿದ್ದನ್ನು ತಿದ್ದುತ್ತಿದ್ದೆ. ಫೋನು ಗುರ್ ಎಂದಿತು. ಕಂತು ಬೌನ್ಸ್ ಆಗಿದೆ, ಚಾರ್ಜು ಬಾಕಿ ಇದೆ, ಇದು ನಿಮ್ಮ ಕ್ರೆಡಿಟ್ ಸ್ಕೋರಿಗೆ ತೊಂದರೆ ಮಾಡಬಹುದು ಎಂದಿತ್ತು. ನಿಮ್ಮ ಎಂಬ ಮಾತಿಗೆ ಬಂದಾಗ, ನನ್ನದಲ್ಲವಲ್ಲ ಎನಿಸಿತು. ಅಷ್ಟೇ ಎನಿಸಿದ್ದು. ಹೆಬ್ಬೆರಳಿನಿಂದ ಅಳಿಸಿ, ಮುಹೂರ್ತದ ಗಂಟೆಯನ್ನು ಸರಿ ಮಾಡಿದೆ. ಆಮೇಲಿನ ಆರನ್ನು ತೆರೆಯದೆಯೇ ಅಳಿಸಿದೆ, ಏನಿದೆಯೆಂದು ಗೊತ್ತಿದ್ದರಿಂದ.

ಸೀಲು ಹಾಕಿದ ಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋದೆವು. ಅಧಿಕಾರಿ ಓದಿ, ಬಾಕಿ ತೀರಿದ್ದು ವರದಿಯಲ್ಲಿ ಕಾಣಿಸಲು ತಿಂಗಳಾದರೂ ಬೇಕು, ಹಳೆಯ ಚೌಕಗಳು ಅಳಿಸುವುದಿಲ್ಲ, ಸ್ಕೋರು ಏರಬೇಕಾದರೆ ಇನ್ನೂ ಹಲವು ತಿಂಗಳು ಎಂದರು. ಯುಗಾದಿಗೆ ಮೂರು ವಾರವಿತ್ತು.

"ನನ್ನ ಹೆಸರಲ್ಲಿ ಕೊಡಿ ಸಾರ್," ಎಂದೆ. ಇದನ್ನು ಹೇಳಲು ಹಿಂದಿನ ದಿನದಿಂದ ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಅವರು ನನ್ನ ನಂಬರು ಹೊಡೆದರು. ಈ ಸಲ ಪರದೆಯನ್ನು ನಿಜವಾಗಿಯೂ ತಿರುಗಿಸಿದರು. ಸ್ಕೋರಿನ ಜಾಗದಲ್ಲಿ ಸಂಖ್ಯೆಯೇ ಇರಲಿಲ್ಲ.

"ನೀವು ಯಾವತ್ತೂ ಸಾಲ ತಗೊಂಡಿಲ್ಲ. ನಿಮ್ಮನ್ನ ನಂಬೋಕೂ ಆಗಲ್ಲ, ನಂಬದೇ ಇರೋಕೂ ಆಗಲ್ಲ. ಮನೆ ಸಾಲ ಕಷ್ಟ."

ಅಕ್ಕ ಪರದೆಯ ಹತ್ತಿರ ಬಗ್ಗಿ ನೋಡಿದಳು. "ನಲವತ್ತು ವರ್ಸಕ್ಕೆ ಏನೂ ಇಲ್ವೇನ್ಲಾ ನಿಂದು?"

ಯುಗಾದಿ ಬಂತು. ಯಜಮಾನರು ಹಬ್ಬ ಕಳೆದು ಎರಡು ದಿನ ಹೆಚ್ಚಿಗೆ ಕಾದರು. ಆಮೇಲೆ ತಾವೇ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಹೇಳಿದರು: "ನನ್ನ ಮಕ್ಳು ಒಪ್ತಿಲ್ಲ ತಾಯಿ." ಅಕ್ಕ ಅವರಿಗೆ ಕಾಫಿ ಕೊಟ್ಟಳು. ಅವರ ಮನೆಯವರ ಎರಡು ರವಿಕೆ ಹೊಲಿದು ಮುಗಿದಿದ್ದವು. ಮಡಿಸಿ ಕವರಿಗೆ ಹಾಕಿ ಕೊಟ್ಟಳು, ಕೂಲಿ ಇಸಿದುಕೊಂಡಳು. ಮನೆಯನ್ನು ಮೊಬೈಲ್ ಅಂಗಡಿಯವರೊಬ್ಬರು ಕೊಂಡರು.

ಎರಡು ಬೀದಿ ಆಚೆ ಒಂದು ಕೋಣೆ ಸಿಕ್ಕಿತು. ಕಿಟಕಿ ಉತ್ತರಕ್ಕಿದೆ, ಹಗಲಲ್ಲೇ ದೀಪ ಹಾಕಬೇಕು. ಹದಿನಾರು ವರ್ಷ ಒಂದೇ ಕಡೆ ನಿಂತಿದ್ದ ಮಿಷನ್ನನ್ನು ಎತ್ತಿದಾಗ ನೆಲದಲ್ಲಿ ಅದರ ಕಾಲಿನ ನಾಲ್ಕು ಗುರುತುಗಳಿದ್ದವು. ಅಕ್ಕ ಪೊರಕೆ ತಂದು ಗುಡಿಸಿದಳು. ಗುರುತು ಹೋಗುವಂಥದ್ದಲ್ಲ ಎಂದು ಗೊತ್ತಿದ್ದೂ ಇನ್ನೊಂದು ಸಲ ಗುಡಿಸಿದಳು.

ಹೊಸ ಕೋಣೆಯಲ್ಲಿ ಅವಳು ಒಂದು ರವಿಕೆಯ ತೋಳು ಕೂಡಿಸುತ್ತಿದ್ದಾಗ ಹೇಳಿದೆ. ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಮಾತಾಡುವ ಹಾಗಿರಲಿಲ್ಲ. ಅದಕ್ಕೇ ಆ ಹೊತ್ತನ್ನು ಆರಿಸಿಕೊಂಡೆನೋ ಏನೋ.

"ಓದಿದ್ದೆ ಅಕ್ಕ. ಮೊದಲ್ನೇದು ಪೂರ್ತಿ ಓದಿದ್ದೆ."

ಅವಳು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಬಟ್ಟೆಗೆ ಚುಚ್ಚಿದಳು. ಮುಗಿಯುವವರೆಗೂ ನನ್ನನ್ನು ನೋಡಲಿಲ್ಲ.

"ಚಿಕ್ಕಪ್ಪನ್ ಮನೆ ಬಾಗ್ಲಿಗೆ ಕರ್ಕೊಂಡೋದಾಗ್ಲೂ ಗೊತ್ತಿತ್ತಾ?"

"ಹೂಂ."

"ಥೂ," ಎಂದಳು. ತುಂಬ ಮೆಲ್ಲಗೆ. ತೋಳಿನ ಹೊಲಿಗೆ ಮುಗಿಸಿ ಹೇಳಿದಳು: "ಅಂಚು ಹೊಲ್ಯೋ ಮಿಷನ್ನೊಂದು ಬೇಕು ನಂಗೆ. ಕಂತಲ್ಲಿ ತಗ. ನಿನ್ನೆಸ್ರಲ್ಲಿ. ದುಡ್ಡು ನಾನೇ ಕೊಡ್ತೀನಿ, ನಿನ್ನ ಋಣ ಬ್ಯಾಡ. ಸಹಿ ನೀನಾಕು, ತಾರೀಕು ನೀನ್ ನೋಡ್ಕ. ನಿಂದೂ ಅಂತ ಒಂದ್ ಲೆಕ್ಕ ಹುಟ್ಲಿ."

ಸಣ್ಣ ಸಾಲವಾದ್ದರಿಂದ ನಮ್ಮ ಪ್ರೆಸ್ಸಿನ ಮಾಲೀಕರ ಒಂದು ಚೀಟಿಗೇ ಒಪ್ಪಿದರು. ಮಿಷನ್ನು ಬಂದ ದಿನ ಅಕ್ಕ ಪೂಜೆಗೆ ಎಲ್ಲ ಅಣಿ ಮಾಡಿ, ತಾನು ಮಾತ್ರ ಹಿಂದೆ ಸರಿದು ನಿಂತಳು. "ನೀನೇ ಮುಟ್ಟು ಮೊದ್ಲು. ನನ್ ಕೈಗುಣ ಆಗ್ಲೇ ನೋಡಿದ್ದಾಯ್ತಲ್ಲ." ಪೆಡಲಿನ ಮೇಲೆ ಕಾಲಿಟ್ಟೆ. ದಾರ ಕಿತ್ತುಕೊಂಡಿತು. ಅವಳು ಪೋಣಿಸಿ ಕೊಟ್ಟಳು.

ಮೂರನೇ ಕಂತಿನ ಐದನೇ ತಾರೀಕು ಶುಕ್ರವಾರ ಬಂತು. ಹಿಂದಿನ ದಿನವೇ ಅವಳು ಫೋನು ಮಾಡಿ ದುಡ್ಡು ತೆಗೆದುಕೊಂಡು ಹೋಗೆಂದಳು. ನಾನು ಖಾತೆಗೆ ಹಾಕಿದೆ. ಶುಕ್ರವಾರ ಬೆಳಿಗ್ಗೆ ಅವಳ ಅಂಗಡಿಯಲ್ಲೇ ಇದ್ದೆ. ಗೊರವನಹಳ್ಳಿಗೆ ಹೋಗುವ ಇಬ್ಬರು ಹೆಂಗಸರು ರವಿಕೆಗಾಗಿ ಕಾಯುತ್ತಿದ್ದರು. ಫೋನು ಗುರ್ ಎಂದಿತು.

"ಏನಂತೆ?" ಅಕ್ಕ ಮಿಷನ್ನಿನಿಂದ ತಲೆ ಎತ್ತಲಿಲ್ಲ.

"ಕಂತಿಂದು."

"ಓದು."

"ಕಟ್ಟಾಗಿದೆ ಅಂತ ಅಷ್ಟೆ."

"ಅಷ್ಟೆ ಅಲ್ಲ ಕಣ್ಲಾ. ಬರ್ದಿರೋದು ಬರ್ದಂಗೆ ಓದು, ಜೋರಾಗಿ."

ಆ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಮೊದಲ ಅಕ್ಷರದಿಂದ ಓದತೊಡಗಿದೆ.